ಜಾರ್ಜಿಯಾದ ಸೀಟು

ನೀಟ್ ಪಾಸಾದರೂ ಸರ್ಕಾರಿ ಸೀಟು ಸಿಗುವಷ್ಟು ರ‍್ಯಾಂಕು ನಯನಳಿಗೆ ಬಂದಿರಲಿಲ್ಲ. ಜಾರ್ಜಿಯಾ ದೇಶದಲ್ಲಿ ಮೆಡಿಕಲ್ ಓದಬಹುದೆಂದು ಮಂಡ್ಯದಲ್ಲಿ ಇಂಗ್ಲಿಷ್ ಪಾಠ ಹೇಳುವ ಅರುಂಧತಿ ಮೇಡಂ ತಿಳಿಸಿದ ಮೇಲೆ ಅವಳಿಗೆ ಬೇರೆ ಯೋಚನೆಯೇ ಉಳಿಯಲಿಲ್ಲ. ಭಾನುವಾರ ಬಂತೆಂದರೆ ತನ್ನೂರು ಬೆಳಕವಾಡಿಯಿಂದ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ಮೇಡಂ ಬಳಿ ಅಲ್ಲಿನ ಕಾಲೇಜಿನ ಸಂದರ್ಶನಕ್ಕೆ ತಯಾರಾಗುತ್ತಿದ್ದಳು. ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಇಂಗ್ಲಿಷ್ ಉತ್ತರ ಹೇಳಿಕೊಳ್ಳುವಾಗ, ಅದು ಯಾವ ದೇವರ ಮಂತ್ರವೆಂದು ಪಕ್ಕದ ಹೆಂಗಸೊಬ್ಬಳು ಕೇಳಿದ್ದಳು. ವಿಡಿಯೋದಲ್ಲಿ ನಡೆದ ಸಂದರ್ಶನದಲ್ಲಿ ಅವಳು ಆಯ್ಕೆಯಾದಳು.

ಅಪ್ಪ ಶಿವರಾಜು ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಊರಿಗೆಲ್ಲ ಸಿಹಿ ಹಂಚಿದರು. ಮದ್ದೂರಿನಿಂದ ಸೋದರಮಾವ ಕೆಂಪರಾಜು ಬಂದುಹೋದ ಮೇಲೆ ಅಪ್ಪನ ಮಾತು ಬದಲಾಯಿತು. ಒಂಟಿ ಹುಡುಗಿಯನ್ನು ಪರದೇಶಕ್ಕೆ ಕಳಿಸಿದರೆ ನಾಳೆ ಗಂಡು ಸಿಗುವುದಿಲ್ಲವೆಂದು ಅವರು ಹೇಳಿದ್ದರು.

“ಒಂದೊರ್ಸ ತಡ್ಕೊ ಕಣಮ್ಮ,” ಎಂದರು ಅಪ್ಪ. “ಪ್ರೀತಂದೂ ನೀಟ್ ಆಗ್ಲಿ. ಅಕ್ಕ ತಮ್ಮ ಜೊತೇಲೇ ಓಗೀರಂತೆ.”

ಸೀಟು ಕೈಬಿಟ್ಟುಹೋಯಿತು. ನಯನ ತಮ್ಮನಿಗೆ ಜೀವಶಾಸ್ತ್ರ ಹೇಳಿಕೊಟ್ಟಳು. ಮುಂದಿನ ವರ್ಷ ಅವನೂ ಹೇಗೋ ಪಾಸಾದ. ಆಗ ಅಪ್ಪ, ಇಬ್ಬರನ್ನೂ ಕಳಿಸುವ ಶಕ್ತಿ ತನಗಿಲ್ಲವೆಂದರು. ಯಾರನ್ನು ಕಳಿಸುವುದೆಂಬ ಮಾತೇ ಮನೆಯಲ್ಲಿ ಬರಲಿಲ್ಲ. ಅವನಿಗೆ ಇಂಗ್ಲಿಷ್ ಸಾಲದು, ನೀನೇ ತಯಾರು ಮಾಡು ಎಂದಷ್ಟೇ ಅವಳಿಗೆ ಹೇಳಿದರು. ಅದನ್ನೂ ಮಾಡಿದಳು.

ತಮ್ಮನ ಸಂದರ್ಶನದ ದಿನ ಅವಳು ಅವನ ಕೋಣೆಯ ಬಾಗಿಲ ಹೊರಗೆ ನಿಂತಿದ್ದಳು. ಡಾಕ್ಟರಾಗಬೇಕೆಂದು ಏಕೆ ಅನ್ನಿಸಿತು ಎಂದು ಕಾಲೇಜಿನವರು ವಿಡಿಯೋದಲ್ಲಿ ಕೇಳಿದರು. ಲಕ್ವ ಹೊಡೆದು ಮಲಗಿದ್ದ ಅಜ್ಜಿ ಬೀರಮ್ಮನಿಗೆ ಕೊನೆಯವರೆಗೆ ಗಂಜಿ ಕುಡಿಸಿ, ಬೆನ್ನಿನ ಹುಣ್ಣು ತೊಳೆದವನು ತಾನು ಎಂದ ಪ್ರೀತಂ. ಅದು ನಯನ ಮಾಡಿದ ಕೆಲಸ, ತನ್ನ ಸಂದರ್ಶನದಲ್ಲಿ ಅವಳು ಹೇಳಿದ್ದ ಮಾತು. ವಾಸನೆಯೆಂದು ಅವನು ಆ ಕೋಣೆಗೆ ಕಾಲಿಟ್ಟವನೇ ಅಲ್ಲ. ಹೇಳುವಾಗ ದನಿಯನ್ನೂ ಸ್ವಲ್ಪ ನಡುಗಿಸಿದ.

ಹೊರಬಂದವನನ್ನು ಅವಳು ತಡೆದಳು. “ಅಜ್ಜೀನ ನೋಡ್ಕಂಡಿದ್ದು ನೀನೇನ್ಲಾ?”

“ಯಾರ್ ನೋಡ್ಕಂಡ್ರೇನಕ್ಕ? ನಿಂಗಿನ್ನು ಅದು ಬೇಕಾಗಲ್ವಲ್ಲ.”

ಅಪ್ಪನಿಗೂ ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಆಯ್ಕೆಯಾದ ಪ್ರೀತಂ ಹೊರಡುವ ಮುಂಚೆ ಬಂಡೂರು ಕುರಿಮರಿ ಕಡಿದು ನೆಂಟರಿಗೆಲ್ಲ ಊಟ ಹಾಕಿದರು. ನಯನ ಬಡಿಸಿದಳು. ಆಮೇಲೆ ಮಂಡ್ಯದಲ್ಲಿ ಬಿ.ಎಸ್ಸಿ. ಸೇರಿದಳು.

ಜಾರ್ಜಿಯಾದಿಂದ ತಮ್ಮ ಫೋನ್ ಮಾಡಿ, ಪಾಠ ತಲೆಗೆ ಹತ್ತುತ್ತಿಲ್ಲವೆಂದು ಅಳುತ್ತಿದ್ದ. ಮೊದಮೊದಲು ಅವಳೇ ಓದಿಕೊಂಡು ಹೇಳಿಕೊಡುತ್ತಿದ್ದಳು. ಬರಬರುತ್ತ ಫೋನ್ ಎತ್ತುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ, ಅವನು ಫೇಲಾದರೆ ಏನು ಗತಿ ಎಂದು ಕೇಳಿದರು.

“ಆಗ್ಲಿ ಬುಡಪ್ಪ,” ಎಂದು ನಯನ ಮುದ್ದೆ ಮುರಿದಳು.