ಆಷಾಢದ ಬೀಗ

"ಹನ್ನೊಂದ್ ನಿಮಿಷ ಎಲ್ಲಿ ಸತ್ತಿದ್ದೆ? ಬಾಯ್ ಬುಡು. ಬಾಯಲ್ಲೇನ್ ಕಡುಬು ತುರುಕ್ಕಂಡಿದಿಯಾ?"

ಸೂಪರ್‌ವೈಸರ್ ವಿಜಯ್‌ಕುಮಾರ್ ಕೇಳಿದ್ದು ಬಿಂದುವನ್ನಾದರೂ ನೋಡಿದ್ದು ಉಳಿದ ನಲವತ್ತು ಜನ ಚಾಲಕರ ಕಡೆಗೆ. ಮೇಟಗಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಬೆಳಗಿನ ಏಳಕ್ಕೆ ಹಾಜರಿ. ಹಾಜರಿ ಮುಗಿದ ಮೇಲೆ ಗೋಡೆಯ ಪರದೆಯಲ್ಲಿ ಹಿಂದಿನ ದಿನ ತಪ್ಪು ಮಾಡಿದವರ ಹೆಸರು ಬರುತ್ತದೆ. ಹೆಸರು ಬಂದವರು ಮುಂದೆ ಬಂದು ನೆಲದ ಹಳದಿ ಗೆರೆಯ ಮೇಲೆ ನಿಲ್ಲಬೇಕು. ಪಾರ್ಸೆಲ್ ಕಂಪನಿಯವರು ಇದಕ್ಕೆ 'ಕಲಿಕೆ' ಎಂದು ಚೆಂದದ ಹೆಸರಿಟ್ಟಿದ್ದಾರೆ. ಇವತ್ತು ಕಲಿಯುವ ಸರದಿ ಬಿಂದು ಒಬ್ಬಳದೇ.

ಪರದೆಯಲ್ಲಿ ಅವಳ ಮುಖವಿತ್ತು, ಮುಖದ ಪಕ್ಕ ವಿದ್ಯಾರಣ್ಯಪುರಂನ ನಕ್ಷೆ, ನಕ್ಷೆಯೊಳಗೆ ಒಂದು ಕೆಂಪು ಚುಕ್ಕೆ. ಮಧ್ಯಾಹ್ನ ಒಂದು ಹನ್ನೆರಡರಿಂದ ಒಂದು ಇಪ್ಪತ್ಮೂರು. ಕೆಳಗೆ ಅವಳೇ ಫೋನಿನಲ್ಲಿ ಒತ್ತಿದ ಕಾರಣ: ಗ್ರಾಹಕರು ಬಾಗಿಲು ತೆಗೆಯುತ್ತಿಲ್ಲ.

"ಗಿರಾಕಿ ಮನೇಲೇ ಅವ್ರೆ. ಬಾಗ್ಲಿಗೆ ಕ್ಯಾಮೆರಾ ಇಕ್ಕವ್ರೆ. ನೀನು ಆ ಕಡೀಕೆ ತಲೇನೇ ಹಾಕಿಲ್ಲ ಅಂತ ವಿಡಿಯೋ ಕಳ್ಸವ್ರೆ. ಬಾಗ್ಲು ತೆಗೀನಿಲ್ಲ ಅಂತ ಯಾವ ಮೂತೀಲಿ ಒತ್ತಿದೆ?"

ಆ ಗುಂಡಿಯನ್ನು ಒತ್ತದವರು ಆ ನಲವತ್ತರಲ್ಲಿ ಒಬ್ಬರೂ ಇರಲಿಲ್ಲ. ಗಾಡಿ ನಾಲ್ಕು ನಿಮಿಷಕ್ಕಿಂತ ಹೆಚ್ಚು ನಿಂತರೆ ಫೋನು ಕೆಂಪಾಗುತ್ತದೆ. ಗ್ರಾಹಕರು ಬಾಗಿಲು ತೆಗೆಯುತ್ತಿಲ್ಲ ಎಂದು ಒತ್ತಿದರೆ ಮಾತ್ರ ಹನ್ನೆರಡು ನಿಮಿಷ ಬಿಡುವು. ಟೀ ಕುಡಿಯುವವರು ಅದರಲ್ಲೇ ಕುಡಿಯಬೇಕು, ಹಳೆಯ ಚಾಲಕ ಕುಮಾರಸ್ವಾಮಿ ಸಕ್ಕರೆ ಕಾಯಿಲೆಯ ಸೂಜಿಯನ್ನು ಅದರಲ್ಲೇ ಚುಚ್ಚಿಕೊಳ್ಳಬೇಕು. "ನಮ್ಗೆಲ್ಲ ಅದೊಂದೇ ಜಗಲಿ ಕಣಮ್ಮ, ಅಲ್ಲೇ ಒಸಿ ಕುಂತ್ಕೊ," ಎಂದು ಅವಳಿಗೆ ಹೇಳಿಕೊಟ್ಟವನೂ ಅವನೇ. ಈಗ ಅವನು ತನ್ನ ಬೂಟುಗಳನ್ನು ಹೊಸದಾಗಿ ಕೊಂಡವನಂತೆ ನೋಡುತ್ತ ನಿಂತಿದ್ದ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತಾನಾದರೂ ಹಾಗೇ ನಿಲ್ಲುತ್ತಿದ್ದೆ ಅನ್ನಿಸಿತು.

ಗುಂಡಿ ಒತ್ತುವುದಕ್ಕೂ ಒಂದು ರೀತಿ ಇದೆ, ನಿಜವಾಗಿ ಮನೆಯಲ್ಲಿಲ್ಲದವರ ಹೆಸರಿಗೇ ಒತ್ತಬೇಕು. ಬಿಂದು ಬೀದಿಯಿಂದಲೇ ಗೇಟಿನ ಬೀಗ ನೋಡಿ ಮನೆ ಖಾಲಿ ಎಂದುಕೊಂಡಿದ್ದಳು. ಚಂದಾ ಕೇಳುವವರು ಬರದಿರಲಿ ಎಂದು ಗೇಟಿಗೆ ಬೀಗ ಜಡಿದು ಒಳಗೆ ಸುಖವಾಗಿ ಟಿವಿ ನೋಡುವ ಪೈಕಿ ಅವರು ಎಂದು ಅವಳಿಗೇನು ಗೊತ್ತು.

"ಮೂರ್ ಗಂಟ್ಗೆ ಸಂಜಯ್ ಸಾರ್ ಬತ್ತಾರೆ," ಎಂದ ವಿಜಯ್‌ಕುಮಾರ್. "ಗಾಡಿ ತಕ್ಕಂಡೋಗಿ ಲೋಡ್ ಮುಗ್ಸು. ಮೂರಕ್ಕೆ ಇಲ್ಲಿರು. ಎಲ್ಲಿದ್ದೆ, ಯಾರ್ ಜೊತೇಲಿದ್ದೆ, ಚೆನ್ನಾಗ್ ಯೋಚ್ನೆ ಮಾಡ್ಕಂಡ್ ಬಾ."

'ಯಾರ್ ಜೊತೇಲಿ' ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅವತ್ತು ಆಷಾಢ ಶುಕ್ರವಾರ. ನಜರ್‌ಬಾದ್ ಕಡೆಯ ರಸ್ತೆಗಳೆಲ್ಲ ಚಾಮುಂಡಿ ಬೆಟ್ಟಕ್ಕೆ ಹೋಗುವವರಿಂದ ಗಿಜಿಗುಡುತ್ತಿದ್ದವು. ಬಿಂದು ಮೂರು ಚಕ್ರದ ಬ್ಯಾಟರಿ ಗಾಡಿಯನ್ನು ಆ ಜನರ ನಡುವೆ ತೂರಿಸುತ್ತ, ಗಾಡಿ ನಿಂತಾಗಲೆಲ್ಲ ಫೋನು ನೋಡಿದಳು. ಹೆಸರಿನ ಪಕ್ಕ ಹಳದಿ ಬಣ್ಣ ಬಂದಿತ್ತು. ಅದು ಕೆಂಪಾದರೆ ಐಡಿ ಹೋಯಿತು. ಐಡಿ ಹೋದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಊರಿನ ಬೇರೆ ಯಾವ ಪಾರ್ಸೆಲ್ ಕಂಪನಿಯೂ ಬಾ ಅನ್ನುವುದಿಲ್ಲ. ಗಂಡ ಬೀರೇಶ್ ಕೇಬಲ್ ಎಳೆಯುವಾಗ ಕಂಬದಿಂದ ಬಿದ್ದು, ಸೊಂಟ ಮುರಿದುಕೊಂಡು ಮನೆಯಲ್ಲಿ ಮಲಗಿ ಎರಡು ವರ್ಷವಾಯಿತು. ಮನೆಯ ಒಲೆ ಉರಿಯುವುದು ಆ ಐಡಿಯಿಂದಲೇ.

ನಾಲ್ಕು ವಾರದ ಹಿಂದೆ ಈ ಫಜೀತಿ ಇರಲಿಲ್ಲ. ಮದುವೆಯ ದಿನಗಳಲ್ಲಿ ಬಿಂದು ವಿದ್ಯಾರಣ್ಯಪುರಂನ ಅದೇ ಬೀದಿಯ ಛತ್ರದ ಮುಂದೆ ಗಾಡಿ ನಿಲ್ಲಿಸಿ, ಕಂಪನಿಯ ಅಂಗಿ ಕಳಚಿ ಸೀಟಿನ ಮೇಲೆಸೆದು, ವೇಲು ಸರಿಮಾಡಿಕೊಂಡು ನೆಂಟರ ಹಾಗೆ ಒಳಗೆ ನಡೆದುಬಿಡುತ್ತಿದ್ದಳು. ಬಾಗಿಲಲ್ಲಿ ಪನ್ನೀರು ಚಿಮುಕಿಸುವರು. "ಹೆಣ್ಣಿನ ಕಡೆಯೋರಾ?" ಎಂದರೆ "ಹೂಂ" ಎನ್ನುವಳು. ಕಕ್ಕಸಿಗೆ ಹೋಗಿ ಬರಲು ಮೂರೂವರೆ ನಿಮಿಷ, ಫೋನಿಗೆ ಗೊತ್ತೇ ಆಗದು. ಒಂದು ಸಲ ಯಾವಳೋ ಪುಣ್ಯಾತ್ಗಿತ್ತಿ ತಾಂಬೂಲದ ಚೀಲವನ್ನೂ ಕೈಗಿಟ್ಟು, "ಊಟ ಮಾಡ್ಕಂಡೇ ಹೋಗ್ಬೇಕು," ಎಂದು ಗದರಿದ್ದಳು.

ಆಷಾಢ ಬಂತು. ಮುಹೂರ್ತಗಳು ನಿಂತವು, ಊರಿನ ಛತ್ರಗಳಿಗೆಲ್ಲ ಬೀಗ ಬಿತ್ತು. ಗಂಡಸರು ಯಾವ ಗೋಡೆಗಾದರೂ ತಿರುಗಿ ನಿಂತಾರು. ಬಿಂದು ಒಂದು ವಾರ ನೀರು ಕುಡಿಯುವುದನ್ನೇ ಬಿಟ್ಟಳು. ಎರಡನೇ ವಾರ ಉರಿಮೂತ್ರವಾಗಿ ಜ್ವರ ಬಂತು. ಒಂದು ಮನೆಯಲ್ಲಿ ಪಾರ್ಸೆಲ್ ಕೊಟ್ಟು, ಕಕ್ಕಸಿಗೆ ಹೋಗಲೇ ಎಂದು ಬಾಯಿಬಿಟ್ಟು ಕೇಳಿದ್ದಳು. ಆ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊರಗಿನವರನ್ನ ನಾವು ಒಳಗೆ ಸೇರಿಸಲ್ಲಮ್ಮ. ಹಿಂದೆ ಮೋರಿ ಇದೆ ನೋಡು, ಅಲ್ಲಿಗೆ ಹೋಗು. ಯಾರೂ ನೋಡಲ್ಲ," ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದಳು.

ಅವತ್ತು ಛತ್ರದ ಕಾಂಪೌಂಡಿನ ಸಂದಿಯಲ್ಲಿ ಕೂರಲು ಹೋದವಳನ್ನು ನೋಡಿ, "ಎದ್ದೇಳವ್ವ, ಅಲ್ಲಿ ಹಾವ್ ಹರೀತವೆ," ಎಂದವಳು ಭಾಗ್ಯಮ್ಮ. ಛತ್ರದ ಕಸ ಗುಡಿಸಿಕೊಂಡು, ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಬದುಕುವ ಮುದುಕಿ. ಮಂಡಿನೋವು. ಬೀಗದ ಗೊಂಚಲು ಹುಡುಕಿ, ಕಾಲೆಳೆದುಕೊಂಡು ಬಂದು ಹಿಂಬಾಗಿಲು ತೆಗೆಯುವಷ್ಟರಲ್ಲಿ ಏಳೆಂಟು ನಿಮಿಷ. "ಯಾರ್ಗೂ ಉಸುರ್ಬ್ಯಾಡ ಕಣವ್ವ. ಆಷಾಡ್ದಲ್ಲಿ ಬೀಗ ತೆಗ್ದೆ ಅಂತ ಧಣಿಗ್ ಗೊತ್ತಾದ್ರೆ ನನ್ ಗಂಟುಮೂಟೆ ಬೀದೀಗ್ ಬಿಸಾಕ್ತಾನೆ. ನಂಗ್ ಇನ್ನೊಂದ್ ಮನೆ ಇಲ್ಲ." ದಿನಾ ಮಧ್ಯಾಹ್ನ ಒಂದು ಹತ್ತಕ್ಕೆ ಬಾ ಎಂದೂ ಅವಳೇ ಹೇಳಿದ್ದಳು.

ಇವತ್ತು ಬಿಂದು ಆ ಬೀದಿಗೆ ತಿರುಗಲಿಲ್ಲ. ಚುಕ್ಕೆ ಮತ್ತೆ ಅಲ್ಲೇ ಬಿದ್ದರೆ ಮುದುಕಿಯ ಬಾಗಿಲನ್ನು ತಾನೇ ತೋರಿಸಿಕೊಟ್ಟಂತೆ. ಬೆಳಗಿನ ಐದಕ್ಕೆ ಮನೆಯಲ್ಲಿ ಹೋಗಿದ್ದೇ ಕೊನೆ. ಮೂರಕ್ಕೆ ಮೇಟಗಳ್ಳಿ ಸೇರಿದಾಗ ಕಿಬ್ಬೊಟ್ಟೆ ಕಲ್ಲಾಗಿತ್ತು.

ಗಾಜಿನ ಕೋಣೆಯಲ್ಲಿ ಕಂಪನಿಯ ಮ್ಯಾನೇಜರ್ ಸಂಜಯ್ ಎದ್ದು ನಿಂತು ಕುರ್ಚಿ ತೋರಿಸಿದ. ಮೂವತ್ತು ದಾಟಿರದ, ಮೆತ್ತಗೆ ಮಾತಾಡುವ ಮನುಷ್ಯ.

"ಭಯ ಪಡಬೇಡಿ ಬಿಂದು ಅವರೇ. ನಾವೆಲ್ಲ ಒಂದೇ ಫ್ಯಾಮಿಲಿ."

ವಿಜಯ್‌ಕುಮಾರನ ಬೈಗುಳಕ್ಕಿಂತ ಇದಕ್ಕೆ ಅವಳು ಹೆಚ್ಚು ಹೆದರಿದಳು. ಸಂಜಯ್ ಒಂದು ಹಾಳೆ ಸರಿಸಿದ. ಕಂಪನಿಯ ಸಮಯವನ್ನು ವಂಚಿಸಿದ್ದೇನೆ ಎಂದು ಮೊದಲೇ ಅಚ್ಚಾಗಿತ್ತು. ಎಲ್ಲಿದ್ದಳು, ಯಾರು ಒಳಗೆ ಬಿಟ್ಟರು ಎಂಬ ಎರಡು ಜಾಗ ಮಾತ್ರ ಖಾಲಿ.

"ತುಂಬಿ ಸಹಿ ಹಾಕಿ. ನಾವು ಹೋಗಿ ವಿಚಾರಿಸಿಕೊಂಡು ಬರ್ತೀವಿ. ಒಂದು ವಾರ ಮನೇಲಿರಿ, ಆಮೇಲೆ ಐಡಿ ವಾಪಸ್. ತುಂಬದಿದ್ದರೆ ಸಂಜೆಗೆ ಸಿಸ್ಟಮ್ಮೇ ತೆಗೆದುಹಾಕುತ್ತೆ. ನನ್ನ ಕೈಯಲ್ಲಿ ಏನೂ ಇಲ್ಲ."

"ಒಂದಕ್ ಹೋಗಿದ್ದೆ ಸಾ."

"ಎಲ್ಲಿಗೆ?"

"ಒಂದ್ ಛತ್ರುಕ್ಕೆ." ಹೆದರಿಕೆಗೆ ಬಾಯಿಂದ ಜಾರಿತು. ನಾಲಿಗೆ ಕಚ್ಚಿಕೊಂಡಳು.

ಬಾಗಿಲಿಗೊರಗಿ ನಿಂತಿದ್ದ ವಿಜಯ್‌ಕುಮಾರ್ ನಕ್ಕ. "ಆಷಾಡ್ದಲ್ಲಿ ಯಾವ್ ಛತ್ರ ತೆಗ್ದಿರ್ತದೆ? ಯಾವನೋ ಬೀಗ ತೆಗ್ದವ್ನೆ ಸಾರ್. ಮಟಮಟ ಮಧ್ಯಾನ್ದಲ್ಲಿ ಬೀಗ ತೆಗ್ಸಿ ಒಳೀಕ್ ಹೋಗಿ ಏನ್ ಮಾಡ್ತಾರೆ ಅಂತ ಬುಡ್ಸಿ ಯೋಳ್ಬೇಕಾ?"

"ಹೆಂಗ್ಸು ಕಣ್ರೀ ಅವ್ರು. ವಯಸ್ಸಾದೋರು."

"ಹೆಂಗ್ಸು. ಸರಿ. ಹೆಸ್ರು?" ಎಂದ ವಿಜಯ್‌ಕುಮಾರ್.

ತನ್ನ ಮಾನ ಉಳಿಸಿಕೊಳ್ಳಲು ಆಡಿದ ಒಂದೊಂದು ಮಾತೂ ಮುದುಕಿಯ ಕೋಣೆಗೆ ದಾರಿ ತೋರಿಸುತ್ತಿತ್ತು. ಆ ಬೀದಿಯಲ್ಲಿ ಇರುವುದೇ ಎರಡು ಛತ್ರ. ಭಾಗ್ಯಮ್ಮ ಎಂದು ಬರೆದರೆ ತನ್ನ ಹೆಸರಿನ ಹಳದಿ ಹೋಗುತ್ತದೆ. ಪೆನ್ನು ಹಿಡಿದಾಗ, ಮುದುಕಿ ಹೇಗೋ ಬದುಕಿಕೊಳ್ಳುತ್ತಾಳೆ ಬಿಡು ಎಂದು ಒಳಗೊಂದು ದನಿ ಹೇಳಿತು. ಅದು ತನ್ನದೇ ದನಿ ಎಂದು ತಿಳಿದು ಅವಳಿಗೆ ಹೇಸಿಗೆಯಾಯಿತು.

"ಸಾ, ಒಸಿ ಆಚ್ಗೆ ಹೋಗ್ಬತ್ತೀನಿ. ಬೆಳಗ್ಗಿಂದ ಹೋಗಿಲ್ಲ. ತಡ್ಯಕ್ಕಾಯ್ತಿಲ್ಲ."

"ಸಹಿ ಹಾಕಿ ಹೋಗಿ. ಅಲ್ಲ, ಇಲ್ಲೇ ಲೇಡೀಸ್ ಟಾಯ್ಲೆಟ್ ಇರುವಾಗ ನೀವು ಛತ್ರ ಹುಡುಕಿಕೊಂಡು ಹೋಗಿದ್ದೇ ನನಗೆ ಅರ್ಥವಾಗ್ತಿಲ್ಲ."

ಅವನು ತನ್ನ ಮುಂದಿದ್ದ ಪರದೆಯನ್ನು ಅವಳತ್ತ ತಿರುಗಿಸಿದ. ಬಿಳಿ ಬಾಗಿಲು, ಬಾಗಿಲ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ. ಫೋಟೋ ಸುಳ್ಳಲ್ಲ, ಶೆಡ್ಡು ಶುರುವಾದ ದಿನ ತೆಗೆದದ್ದು. ವಿದ್ಯಾರಣ್ಯಪುರಂನಿಂದ ಅಲ್ಲಿಗೆ ಊರು ದಾಟಿ ಬರಬೇಕೆನ್ನುವುದು ಹಾಗಿರಲಿ, ಯುಗಾದಿಯಿಂದ ಈಚೆಗೆ ಗ್ರಾಹಕರು ವಾಪಸ್ ಕಳಿಸಿದ ಡಬ್ಬಗಳನ್ನೆಲ್ಲ ಅದರೊಳಗೆ ತುರುಕಿ, ಬಾಗಿಲು ಹಾಕಲೂ ಆಗದೆ ಅರ್ಧ ತೆರೆದೇ ಬಿಟ್ಟಿದ್ದರು.

ಬಿಂದು ಫೋಟೋವನ್ನು ನೋಡಿದಳು. ಪೆನ್ನು ಕೆಳಗಿಟ್ಟಳು. ಎದ್ದು, ವಿಜಯ್‌ಕುಮಾರನ ತೋಳ ಕೆಳಗಿಂದ ನುಸುಳಿ ಹೊರಗೆ ನಡೆದಳು.

ಶೆಡ್ಡಿನ ಮೂಲೆಯಲ್ಲಿ ಆ ಬಾಗಿಲ ಮುಂದೆ ನಿಂತು ಮೇಲಿನ ಡಬ್ಬವನ್ನು ಎಳೆದು ಹಿಂದಕ್ಕೆ ಎಸೆದಳು. ಆಮೇಲೆ ಇನ್ನೊಂದು. ಮಿಕ್ಸಿ, ಬೂಟು, ಮಕ್ಕಳ ಸೈಕಲ್ಲು, ಒಡೆದು ಸೋರುತ್ತಿದ್ದ ಶಾಂಪೂ. ಕೆಲವು ಅವಳ ಕಾಲ ಮೇಲೇ ಬಿದ್ದವು. ಡಬ್ಬಗಳು ಗಾಡಿಗಳ ದಾರಿಗೆ ಅಡ್ಡ ಉರುಳಿದವು. ಎರಡನೇ ಲೋಡು ತುಂಬುತ್ತಿದ್ದವರು ಕೆಲಸ ನಿಲ್ಲಿಸಿದರು. ಕುಮಾರಸ್ವಾಮಿ ಒಂದು ಹೆಜ್ಜೆ ಮುಂದಿಟ್ಟು, ಗಾಜಿನ ಕೋಣೆಯತ್ತ ನೋಡಿ, ಅಲ್ಲೇ ನಿಂತುಕೊಂಡ.

"ಏಯ್ ಲೌಡಿ, ಗಿರಾಕಿ ಮಾಲು ಕಣೇ ಅದು," ಎನ್ನುತ್ತ ವಿಜಯ್‌ಕುಮಾರ್ ಓಡಿಬಂದ.

ಅಷ್ಟರಲ್ಲಿ ಅವಳು ಒಳಗೆ ಸೇರಿ ಬಾಗಿಲು ತಳ್ಳಿದ್ದಳು. ಚಿಲಕ ಇರಲಿಲ್ಲ, ಬಲ್ಬಿರಲಿಲ್ಲ, ನಲ್ಲಿಯಲ್ಲಿ ನೀರೂ ಇರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕತ್ತಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಬೆಳಗಿನಿಂದ ತಡೆದಿದ್ದರೂ ಹೆದರಿಕೆಗೆ ಒಂದು ಹನಿ ಬರಲೊಲ್ಲದು.

"ಬತ್ತೀಯೋ, ಬಾಗ್ಲು ಒದೀಲೋ? ಯಾವಳ್ ಬೀಗ ತೆಗುದ್ಲು ಅಂತ ಯೋಳ್ಬುಟ್ಟು ಸಾಯಿ."

"ಕುಂತಿವ್ನಿ," ಎಂದಳು ಬಿಂದು. ದನಿ ಸಣ್ಣಗಿತ್ತು. ಹೊರಗಿನವರಿಗೆ ಕೇಳಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ ಹೇಳಿದಳು. "ಕುಂತಿವ್ನಿ ಕಣ್ರೀ. ಎಷ್ಟ್ ನಿಮಿಷ ಆಯ್ತದೋ ಬರ್ಕೊಳ್ಳಿ. ಯಾರೂ ತೆಗೀನಿಲ್ಲ, ಛತ್ರುದ್ ಬೀಗ ನಾನೇ ಒಡ್ದೆ, ಅದ್ನೂ ಬರ್ಕೊಳ್ಳಿ."

ಹೊರಗಿನಿಂದ ಮೊದಲ ಒದೆ ಅವಳ ಬೆನ್ನಿಗೇ ಬಿತ್ತು. ಬಿಂದು ಎದುರಿನ ಗೋಡೆಗೆ ಎರಡೂ ಅಂಗೈ ಊರಿ, ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಳು.