ಮುರಿದ ಬೆರಳಿನ ಕುಣಿತ

ಫ್ಲೋರಿಯಾನನ ಬಲಗೈ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಸ್ಕೇಟಿನ ದಾರವನ್ನು ಹಲ್ಲಿನಿಂದ ಎಳೆದು ಬಿಗಿಯುತ್ತಿದ್ದ. ಆ ಹಲ್ಲಾದರೂ ಎಷ್ಟು ಉಳಿದಿದ್ದವು, ಪಾಪ!

ಕಾಗದದ ಕಾರ್ಖಾನೆಯ ಆ ಊರಿನ ಐಸ್ ಹಾಕಿ ತಂಡದಲ್ಲಿ ಅವನ ಕೆಲಸ ಗೋಲು ಹೊಡೆಯುವುದಲ್ಲ, ಮನುಷ್ಯರನ್ನು ಹೊಡೆಯುವುದು. ಪ್ರತಿ ತಂಡದಲ್ಲೂ ಇಂಥವನೊಬ್ಬ ಇರುತ್ತಿದ್ದ. ಎರಡು ತಂಡದ ಇಂಥವರಿಬ್ಬರೂ ಮೊದಲೇ ಮಾತಾಡಿಕೊಂಡು, ಗ್ಲೌಸ್ ಬಿಸಾಡಿ, ಐಸಿನ ಮೇಲೆ ಗುದ್ದಾಡಬೇಕು. ಜನ ಬರುತ್ತಿದ್ದುದೇ ಅದಕ್ಕೆ.

"ಧಣಿ, ಮೂಳೆ ಮುರಿದಿದೆ. ಗಾಯ ಆಗಿದೆ ಅಂತ ಲೀಗಿನೋರಿಗೆ ತಿಳಿಸಿಬಿಡಿ," ಎಂದ.

ತಂಡದ ಮಾಲೀಕ ತ್ರೆಪಾನಿಯೆ ಹಳೇ ಕಾರು ಮಾರಿ ದುಡ್ಡು ಮಾಡಿದವನು. ಗಾಯ ಅಂತ ತಿಳಿಸಿದರೆ ವಾಸಿಯಾಗುವ ತನಕ ಆಟಗಾರನನ್ನು ಸಾಕಬೇಕು, ಕೆಲಸದಿಂದ ತೆಗೆಯುವಂತಿಲ್ಲ. ಅದು ಲೀಗಿನ ನಿಯಮ.

"ಗಾಯ ಎಲ್ಲಪ್ಪಾ? ಒಂಚೂರು ಊತ ಅಷ್ಟೆ. ಇವತ್ತು ಗುದ್ದಾಡು. ಇಲ್ಲಾಂದ್ರೆ ನಾಳೆ ಬಸ್ಸು ಹತ್ತು. ನಿನ್ನಂಥೋರು ಬೀದಿಗೊಬ್ರು ಸಿಗ್ತಾರೆ."

ಹಾಳಾದವನು! ಸವೆದ ಕಾರನ್ನು ಗುಜರಿಗೆ ಹಾಕಿದಷ್ಟೇ ಸಲೀಸು ಅವನಿಗೆ.

ಆಟಕ್ಕೆ ಮುಂಚೆ ನಡುಗೆರೆಯ ಹತ್ತಿರ ಎದುರು ತಂಡದ ಗುದ್ದಾಳು ಒಮೆರ್ ಸಿಕ್ಕಿದ.

"ಇವತ್ತು ಗುದ್ದಾಡೋಣೇನೋ?" ಎಂದು ಕೇಳಿದ.

"ಕೈ ಮುರಿದಿದೆ ಮಾರಾಯ. ಹೊಡೆಯೋಕಾಗಲ್ಲ. ಹೊಡೀದಿದ್ರೆ ಕೆಲಸ ಹೋಗ್ತದೆ."

"ನನ್ನ ಭುಜವೂ ಕಿತ್ತೋಗಿದೆ ಕಣೋ. ನಮ್ಮ ಧಣೀನೂ ಇಂಥದ್ದೇ ಬೇವರ್ಸಿ." ಒಮೆರ್ ತಲೆ ಕೆರೆದುಕೊಂಡ. "ನಿಂಗೆ ಕುಣಿಯೋಕೆ ಬರ್ತದಾ?"

"ನನ್ನ ಮದುವೇಲಿ ಕುಣಿದಿದ್ದೆ."

"ಅಷ್ಟು ಸಾಕು."

ಆಟ ಶುರುವಾದದ್ದೇ ತಡ, ಇಬ್ಬರೂ ಗ್ಲೌಸ್ ಎಸೆದರು. ಜನ ಹೋ ಎಂದು ಎದ್ದು ನಿಂತರು. ಒಮೆರ್ ಫ್ಲೋರಿಯಾನನ ಸೊಂಟ ಹಿಡಿದು ಮೆಲ್ಲಗೆ ಸುತ್ತಿಸತೊಡಗಿದ. ಆಟದ ನಡುನಡುವೆ ಜನರಿಗಾಗಿ ಆರ್ಗನ್ ನುಡಿಸುವ ಮುದುಕಿಯೊಬ್ಬಳು ಒಂದು ಗಳಿಗೆ ತಬ್ಬಿಬ್ಬಾದಳು, ಆಮೇಲೆ ಮದುವೆಮನೆಯ ರಾಗ ಹಿಡಿದಳು. ಉಳಿದ ಆಟಗಾರರೂ ಗ್ಲೌಸ್ ಬಿಸಾಡಿ ಜೋಡಿಯಾದರು. ಗೋಲ್ ಕಾಯುವವರಿಬ್ಬರೂ ದಿಂಬು ಕಟ್ಟಿದಂಥ ಕಾಲು ಎತ್ತಿಹಾಕುತ್ತಾ ಬಂದು ಸೇರಿಕೊಂಡರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೆಯ ದಿನ ಫ್ಲೋರಿಯಾನ್ ಬ್ಯಾಗು ಕಟ್ಟಿಕೊಂಡು ಕೂತಿದ್ದ. ತ್ರೆಪಾನಿಯೆ ಬಾಗಿಲಿಗೇ ಬಂದ. ಬೈಯಲಿಲ್ಲ.

"ಶನಿವಾರದ ಟಿಕೆಟ್ಟೆಲ್ಲ ಖಾಲಿ ಕಣಯ್ಯ! ಮತ್ತೆ ಕುಣೀಬೇಕು ನೀವು!"

"ಅದಕ್ಕೇನಂತೆ ಧಣಿ. ಕುಣಿಯೋಕೆ ಕೈ ಯಾಕೆ ಬೇಕು? ಮೊದಲು ಲೀಗಿಗೆ ತಿಳಿಸಿ ಆಸ್ಪತ್ರೆಗೆ ಕಳಿಸಿ, ಖುಷಿಯಾಗಿ ಬರ್ತೀನಿ."

ಆಸೆಗೆ ಬಿದ್ದ ಮಾಲೀಕ ಹೊಸ್ತಿಲಲ್ಲೇ ನಿಂತು ಫೋನು ಮಾಡಿದ.

ಶನಿವಾರ ಕೂರಲು ಜಾಗವಿರಲಿಲ್ಲ. ಫ್ಲೋರಿಯಾನ್ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮೊದಲ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತು ಎಡಗೈಯಲ್ಲಿ ಪುಟೀನ್, ಅಂದರೆ ಚೀಸು ಸುರಿದ ಕರಿದ ಆಲೂಗಡ್ಡೆ, ಮೆಲ್ಲುತ್ತಿದ್ದ.

"ಲೇ, ಇಳಿಯೋ ಕೆಳಗೆ!" ತ್ರೆಪಾನಿಯೆ ಕಿರುಚಿದ.

"ಗಾಯ ಅಂತ ತಿಳಿಸಿದ ಮೇಲೆ ವಾಸಿಯಾಗೋ ತನಕ ಐಸಿನ ಮೇಲೆ ಕಾಲಿಡಂಗಿಲ್ಲ ಧಣಿ, ಅದೂ ಲೀಗಿನ ನಿಯಮಾನೇ. ಬಂದಿದ್ದೀನಲ್ಲ, ಖುಷಿಯಾಗೇ ಇದ್ದೀನಿ."

ಮಾಲೀಕ ಉಳಿದವರತ್ತ ತಿರುಗಿದ. "ನೀವಾದ್ರೂ ಕುಣೀರೋ!"

ತಂಡದ ನಾಯಕ ನಾರ್ಸಿಸ್ ಮಂಡಿ ಮುಂದೆ ಚಾಚಿದ. "ನಂಗಿಲ್ಲಿ ಕಿತ್ತೋಗಿದೆ ಧಣಿ, ಹೋದ ತಿಂಗಳಿಂದ. ಫೋನು ತೆಗೀರಿ, ನಂದೂ ಲೀಗಿಗೆ ತಿಳಿಸಿ."

ಅವನ ಹಿಂದೆ ಒಬ್ಬೊಬ್ಬರಾಗಿ ಸಾಲು ನಿಂತರು. ಒಬ್ಬ ಪಕ್ಕೆಲುಬು ತೋರಿಸಿದ, ಒಬ್ಬ ದವಡೆ, ಒಬ್ಬ ಹೆಬ್ಬೆರಳು. ನಗುತ್ತಲೇ ತೋರಿಸಿದರು, ಆದರೆ ಒಬ್ಬರದೂ ಸುಳ್ಳಲ್ಲ.