ಅರವಳಿಕೆ ಡಾಕ್ಟರು

"ಅರವಳಿಕೆ ಮಾತ್ರ ಓದಬ್ಯಾಡ್ರಿ," ಎಂದು ಡಾಕ್ಟರ್ ಗೌರೀಶ ನಕ್ಕರು. "ರೋಗಿ ಗುಣಾದ ಮ್ಯಾಲೆ ಕೈ ಮುಗಿಯೂದು ಆಪರೇಷನ್ ಮಾಡಿದವ್ರಿಗೆ. ಸೂಜಿ ಮಾಡಿ ಮೈ ಜೋಮ ಹಿಡಸಾವ್ರನ್ನ ಯಾರ್ ಕೇಳ್ತಾರ?"

ರಾಮದುರ್ಗದ ಆ ಕಾಲೇಜಿನ ಸಭಾಭವನದಲ್ಲಿ ವಿಜ್ಞಾನದ ಮಕ್ಕಳೆಲ್ಲ ನಕ್ಕರು. ಡಾಕ್ಟರಾಗಬೇಕೆನ್ನುವವರಿಗೆ ಯಾವ ವಿಭಾಗ ಒಳ್ಳೆಯದೆಂದು ಹೇಳಲು ಬೆಳಗಾವಿಯಿಂದ ಬಂದ ಅತಿಥಿ ಅವರು. ಹೃದಯಕ್ಕೆ ಹೆಸರಿದೆ, ಎಲುಬಿಗೆ ದುಡ್ಡಿದೆ, ಹುಡುಗಿಯರಿಗೆ ಚರ್ಮವೇ ಸುಖ ಎಂದು ಆಗಲೇ ಹೇಳಿ ಮುಗಿಸಿದ್ದರು.

ಮೂರನೆಯ ಸಾಲಿನಲ್ಲಿ ಫರೀನ್ ಎದ್ದು ನಿಂತಳು.

"ನಮ್ಮಕ್ಕ ಕೇಳಿದ್ಳರಿ."

"ಏನವಾ?"

"ಯಾರ್ ಕೇಳ್ತಾರ ಅಂದ್ರೆಲ್ಲ. ನಮ್ಮಕ್ಕ ಜನ್ನತ ಕೇಳಿದ್ಳು. ಹೋದ ವರ್ಷ, ಹೆರಿಗಿ ಟೇಬಲ್ ಮ್ಯಾಲೆ ಮಲಗಿ. ಕೊಯ್ಯೂ ಡಾಕ್ಟರ್ ಇದ್ರು, ನರ್ಸ್ ಇದ್ರು. ಸೂಜಿ ಮಾಡಾವ್ರು ಇರ್ಲಿಲ್ಲ. ಎರಡು ತಾಸು ನನ್ನ ಕೈ ಹಿಡ್ಕೊಂಡು, 'ಅವ್ರು ಬಂದ್ರೇನ, ಅವ್ರು ಬಂದ್ರೇನ' ಅಂತ ಕೇಳಿದ್ಳು. ಆಮ್ಯಾಲೆ ಬೆಳಗಾವಿಗೆ ಒಯ್ರಿ ಅಂದ್ರು. ದಾರ್ಯಾಗ ಯರಗಟ್ಟಿ ದಾಟೂದ್ರಾಗ ಕೇಳೂದು ನಿಂತಿತ್ತು."

ಕಾಲೇಜಿನ ಉಪನ್ಯಾಸಕಿ ಮಂಜುಳಾ ಮೇಡಂ ಬಿರಬಿರನೆ ಬಂದು ಅವಳ ತೋಳು ಹಿಡಿದರು. "ಅತಿಥಿಗಳದಾರ, ಕುಂದ್ರು. ತಪ್ಪಾತು ಅನ್ನು."

"ಏನ್ ತಪ್ಪಾತ್ರಿ ಮೇಡಂ? ನಗೂ ಮುಂದ ಯಾರಿಗೂ ತಪ್ಪು ಅನಿಸಲಿಲ್ಲಲ್ಲ?" ಫರೀನಳ ದನಿ ಸೀಳಿತು. ತೋಳು ಕೊಸರಿಕೊಂಡಳು. "ಅದನ್ನ ಓದಾಕ ಎಷ್ಟು ವರ್ಷ ಹತ್ತತಾವ, ಅಷ್ಟ ಹೇಳ್ರಿ ಸರ್."

ಡಾಕ್ಟರ್ ಮೈಕನ್ನು ಬಾಯಿಂದ ದೂರ ಸರಿಸಿದರು. "ಎಂಟೂವರಿ," ಎಂದರು.

ವಂದನಾರ್ಪಣೆಗೆ ಮೊದಲೇ ಅವಳು ಹೊರಬಿದ್ದಳು. ನಿಲ್ದಾಣದವರೆಗೆ ಯಾರ ಮುಖವನ್ನೂ ನೋಡದೆ ನಡೆದಳು. ಬಸ್ಸಿನಲ್ಲಿ ಕುಳಿತ ಮೇಲೂ ಕಚ್ಚಿದ ಹಲ್ಲು ಸಡಿಲಲಿಲ್ಲ. ಗೆಳತಿಯ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಬಸ್ಸು ತುಂಬಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬಳು, "ಇದನ್ನೀಟು ಹಿಡಕೋತಿಯೇನವಾ," ಎಂದು ಉತ್ತರಕ್ಕೂ ಕಾಯದೆ ಅವಳ ಮಡಿಲಿಗೆ ಹಾಕಿ, ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು ಹುಡುಕತೊಡಗಿದಳು. ಕೂಸು ಗಾಢ ನಿದ್ದೆಯಲ್ಲಿತ್ತು. ಬಸ್ಸು ತಗ್ಗಿಗಿಳಿದು ಕುಲುಕಿತು. ಫರೀನ್ ಅದರ ಕತ್ತಿನ ಕೆಳಗೆ ಅಂಗೈ ಕೊಟ್ಟಳು.